ಘಾಟು ಬಾರದ ಕಾಯಿಗೆ ಜಾಹೀರಾತು ಕೊಟ್ಟದ್ದು

2008ರ ಆಗಸ್ಟ್ ತಿಂಗಳ ಮೊದಲ ಸೋಮವಾರ ನಾನು ಹಾವೇರಿಯ ಒಂದು ಸೈಬರ್ ಕೆಫೆಯಲ್ಲಿ ಕುಳಿತು, ನನ್ನ ಹೆಂಡತಿ ಶಾರದಾ ಮಾರುತ್ತಿದ್ದ ಬ್ಯಾಡಗಿ ಮೆಣಸಿನಕಾಯಿಗೆ ಇಂಟರ್ನೆಟ್ಟಿನ ಸರ್ಚ್ ಎಂಜಿನ್‌ನಲ್ಲಿ ಜಾಹೀರಾತು ಕೊಟ್ಟೆ. ಆಕಾಶ ಮೋಡ ಮುಸುಕಿತ್ತು. ಕರೆಂಟ್ ಇತ್ತು. ಅಹಿತಕರ ಘಟನೆ ಏನೂ ನಡೆಯಲಿಲ್ಲ.

ಜಾಹೀರಾತು ನನಗೆ ಹೊಸದಲ್ಲ. ಜಿಲ್ಲಾ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ. ಅಂಗಡಿ ಉದ್ಘಾಟನೆಯಿಂದ ಶ್ರದ್ಧಾಂಜಲಿಯವರೆಗೆ ಎಲ್ಲ ಬಗೆಯ ಜಾಹೀರಾತೂ ನನ್ನ ಕೈ ದಾಟಿಯೇ ಹೋಗುತ್ತಿತ್ತು. ಕಾಗದದ ಜಾಹೀರಾತಿನ ದೊಡ್ಡ ಗುಣವೆಂದರೆ ಅದು ಇಟ್ಟಲ್ಲೇ ಇರುತ್ತದೆ. ಮರುದಿನ ಅದರಲ್ಲಿ ಮಿರ್ಚಿ ಭಜಿ ಕಟ್ಟಿಕೊಡುತ್ತಾರೆ. ಅಲ್ಲಿಗೆ ಅದರ ಋಣ ಮುಗಿಯಿತು. ಇಂಟರ್ನೆಟ್ಟಿನ ಜಾಹೀರಾತಿನ ಋಣ ಹಾಗೆ ಮುಗಿಯುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಶಾರದಾ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಳು. ಆ ವರ್ಷ ರಜೆ ಹಾಕಿ ವ್ಯಾಪಾರಕ್ಕೆ ಇಳಿದಿದ್ದಳು. ತವರು ಬ್ಯಾಡಗಿ. ಸುಗ್ಗಿಯಲ್ಲಿ ಬ್ಯಾಡಗಿಯ ಗಿಡ್ಡ ಜಾತಿಯಾದ ಡಬ್ಬಿ ಮೆಣಸಿನಕಾಯಿ ಹತ್ತು ಚೀಲ ಕೊಂಡು ಅಲ್ಲಿನ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದಳು. ಬೇಕಾದಷ್ಟು ತರಿಸಿ, ತೊಟ್ಟು ಬಿಡಿಸಿ, ಅರ್ಧ ಕಿಲೋ ಪಾಕೀಟು ಮಾಡಿ ಮಾರುವುದು ಅವಳ ಲೆಕ್ಕಾಚಾರ. ಆದರೆ ರಾಣೆಬೆನ್ನೂರಿನ ಒಂದು ಕಿರಾಣಿ ಅಂಗಡಿ ಬಿಟ್ಟರೆ ಕಾಯಂ ಗಿರಾಕಿ ಇರಲಿಲ್ಲ. ಹೊಸ ಕಾಯಿ ಪೇಟೆಗೆ ಬರುವಷ್ಟರಲ್ಲಿ ಹಳೆಯದು ಖಾಲಿಯಾಗಬೇಕು, ಆಗದಿದ್ದರೆ ತಾನು ಶಾಲೆಗೆ ವಾಪಸ್ಸು ಎಂದು ಅವಳೇ ತನಗೊಂದು ಷರತ್ತು ಹಾಕಿಕೊಂಡಿದ್ದಳು.

"ವಾಪಸ್ ಹೋಗೂದು ಬಂದ್ರ ಹೋಗತೇನ್ರಿ," ಎಂದಳು ಒಂದು ದಿನ. "ಆದ್ರ ಇದು ನಾನ ಮಾಡಿದ್ದು ಅಂತ ತೋರಸಾಕ ನನಗ ಬ್ಯಾರೆ ಏನೂ ಇಲ್ಲ."

ಆ ಮಾತು ನನ್ನನ್ನು ಚುಚ್ಚಿತು. ಚುಚ್ಚಿಸಿಕೊಂಡ ಗಂಡ ಸುಮ್ಮನೆ ಕೂಡ್ರಬಾರದೆ? ನಾನು ಕೂಡ್ರಲಿಲ್ಲ.

"ಚಿಂತಿ ಬಿಡು," ಎಂದೆ. "ಗಿರಾಕಿ ತರೂದು ನನಗ ಬಿಡು."

ಪದ್ಧತಿ ಸರಳವಾಗಿತ್ತು. ಯಾರೋ ಎಲ್ಲೋ ಕುಳಿತು ಸರ್ಚ್ ಎಂಜಿನ್‌ನಲ್ಲಿ ಒಂದು ಶಬ್ದ ಬರೆದು ಹುಡುಕುತ್ತಾರೆ. ಉತ್ತರಗಳ ಪಕ್ಕದಲ್ಲಿ ನಮ್ಮ ಮೂರು ಸಾಲಿನ ಜಾಹೀರಾತು ಮೂಡುತ್ತದೆ. ನೋಡಿ ಸುಮ್ಮನಿದ್ದರೆ ನಮಗೆ ಖರ್ಚಿಲ್ಲ. ಒತ್ತಿದರೆ ಮಾತ್ರ ಖರ್ಚು. ಯಾವ ಶಬ್ದ ಹುಡುಕಿದವರಿಗೆ ಅದು ಕಾಣಬೇಕು ಎಂಬುದನ್ನು ನಾವೇ ಬರೆದುಕೊಡಬೇಕು.

ಸುದ್ದಿಮನೆಯ ಶಿಸ್ತಿನಂತೆ ನಾನು ಮೂಲಕ್ಕೇ ಹೋದೆ. ಬ್ಯಾಡಗಿಯಲ್ಲಿ ನನ್ನ ಅತ್ತೆ ಗಂಗವ್ವ ಹೆಣ್ಣಾಳುಗಳನ್ನು ಕೂಡ್ರಿಸಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಶೆಡ್ಡಿನ ತುಂಬ ಕೆಂಪು ಧೂಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರಿಂದ ಎಲ್ಲರ ಕಣ್ಣಷ್ಟೇ ಕಾಣುತ್ತಿದ್ದವು. ಆ ಕಣ್ಣುಗಳೆಲ್ಲ ಒಮ್ಮೆಗೇ ನನ್ನತ್ತ ತಿರುಗಿದವು.

"ಅತ್ತಿ, ಮೆಣಸಿನಕಾಯಿ ಯಾವ್ಯಾವದಕ್ಕ ಬೇಕಾಗತೈತಿ?"

"ಯಾವದಕ್ಕ ಬ್ಯಾಡ ಅಂತ ಕೇಳ್ರಿ ಅಳಿಯಂದ್ರ, ಲಗೂ ಮುಗೀತೈತಿ."

"ಅದ ಯಾವದಕ್ಕ?"

"ಪಾಯಸಕ್ಕ." ಹೆಣ್ಣಾಳುಗಳು ಬಟ್ಟೆಯೊಳಗೇ ನಕ್ಕರು. "ಒಗ್ಗರಣಿಗೆ, ಚಟ್ನಿಗೆ, ಮಸಾಲಿಗೆ, ಉಪ್ಪಿನಕಾಯಿಗೆ. ಮ್ಯಾಲ ದೃಷ್ಟಿ ತಗ್ಯಾಕ."

"ದೃಷ್ಟಿ ತಗಿಯೂದನೂ ಬರಕೊಳ್ಳಲೇನು?"

"ಕೇಳಿದವ್ರು ನೀವು, ಹೇಳಿದಾಕಿ ನಾನು. ಬರಿಯೂದು ಬಿಡೂದು ನಿಮ್ಮ ಧರ್ಮ."

ಹೇಳಿಕೆಯನ್ನು ತಿರುಚದೆ ದಾಖಲಿಸುವುದು ವರದಿಗಾರನ ಧರ್ಮ. ಬರೆದುಕೊಂಡೆ.

ಕೆಫೆಯಲ್ಲಿ ಮಾಲೀಕ ರಫೀಕ್ ಪಕ್ಕದಲ್ಲಿ ಕುಳಿತ. ಒಂದೊಂದು ಶಬ್ದಕ್ಕೂ ಒಂದೊಂದು ದರ. 'ಮಸಾಲೆ' ಬಲು ತುಟ್ಟಿ. ದೊಡ್ಡ ಕಂಪನಿಗಳು ಅದನ್ನು ಹಿಡಿದು ಕುಳಿತಿದ್ದವು. 'ಉಪ್ಪಿನಕಾಯಿ'ಯೂ ಹಾಗೇ. 'ದೃಷ್ಟಿ ನಿವಾರಣೆ' ಮಾತ್ರ ಅಗ್ಗ. ಯಾರಿಗೂ ಅದು ಬೇಕಿರಲಿಲ್ಲ.

"ಸರ್, ಇದು ಪುಕ್ಕಟ್ಟೆ ಇದ್ದಂಗ ಐತಿ. ಯಾಕಿರಬೇಕು?" ಎಂದ ರಫೀಕ್.

"ಉಳಿದವರಿಗೆ ಹೊಳೆದಿಲ್ಲ," ಎಂದೆ ಗಂಭೀರವಾಗಿ.

ಇದಕ್ಕೆ ಹತ್ತಿರದ ಶಬ್ದಗಳನ್ನು ತಾನೇ ಸೇರಿಸಲೇ ಎಂದು ಯಂತ್ರ ಕೇಳಿತು. ಉದ್ದನೆಯ ಪಟ್ಟಿ ತೋರಿಸಿತು. ಸುದ್ದಿಯಲ್ಲಿ ಅಲ್ಪವಿರಾಮವನ್ನೂ ಎರಡೆರಡು ಸಲ ನೋಡುವ ನಾನು ಆ ಪಟ್ಟಿಯನ್ನು ಓದದೇ 'ಎಲ್ಲವೂ ಇರಲಿ' ಎಂದು ಒತ್ತಿದೆ. ಜಾಹೀರಾತಿನ ತಲೆಬರಹ ಹುಡುಕಿದವರ ಶಬ್ದಕ್ಕೆ ತಕ್ಕಂತೆ ಬದಲಾಗಲೇ ಎಂದೂ ಕೇಳಿತು. ಎಂಥ ವಿನಯ! ಆಗಲಿ ಎಂದೆ. ಕೆಳಗಿನ ಎರಡು ಸಾಲು ನನ್ನವು. 'ಅಸಲಿ ಬ್ಯಾಡಗಿ ಮೆಣಸಿನಕಾಯಿ. ಒಮ್ಮೆ ಕರೆಯಿರಿ, ಮನೆಗೇ ಬರುತ್ತದೆ.' ಹೀಗೆ ಮುಂಬೈನಲ್ಲಿ ಯಾರಾದರೂ ದೃಷ್ಟಿ ನಿವಾರಣೆ ಎಂದು ಹುಡುಕಿದರೆ, 'ದೃಷ್ಟಿ ನಿವಾರಣೆ' ಎಂಬ ತಲೆಬರಹದ ಕೆಳಗೆ, ಕರೆದರೆ ಮನೆಗೇ ಬರುವ ಒಂದು ವಸ್ತುವಿನ ಸುದ್ದಿ, ನಮ್ಮ ಮನೆಯ ಫೋನ್ ನಂಬರಿನೊಂದಿಗೆ ಮೂಡುವ ವ್ಯವಸ್ಥೆಯಾಯಿತು.

ಮಾರನೆಯ ದಿನ ಶಾರದಾಳನ್ನೂ ಅತ್ತೆಯನ್ನೂ ಕೆಫೆಗೆ ಕರೆದೊಯ್ದೆ. ಹುಡುಕಿದೆವು. ಜಾಹೀರಾತು ಇರಲಿಲ್ಲ. ಮತ್ತೆ ಹುಡುಕಿದೆವು. ಇರಲಿಲ್ಲ.

"ಎಲ್ಲೈತ್ರಿ?" ಎಂದಳು ಶಾರದಾ.

"ಐತಿ."

"ಕಾಣವಲ್ದಲ್ಲ."

"ಮುಂಬೈ, ಪುಣೆ, ಬೆಂಗಳೂರು ಅಷ್ಟ ಆರಿಸೇನಿ. ನಮಗ ಕಾಣಂಗಿಲ್ಲ."

ಅತ್ತೆ ಸೆರಗು ಸರಿಪಡಿಸಿಕೊಂಡರು. "ಐತಿ, ಆದ್ರ ಕಾಣಂಗಿಲ್ಲ. ದೂರಿದ್ದೋರ ಮನಿಗಿ ಹೋಗಿ ನಿಂದರತೈತಿ. ಕರದ್ರ ಬರತೈತಿ. ಅಳಿಯಂದ್ರ, ಇಂಥಾದಕ್ಕ ನಮ್ಮೂರಾಗ ಬ್ಯಾರೆ ಹೆಸರೈತಿ."

ರಫೀಕ್ ನಗಲಿಲ್ಲ. ಖಾತೆಯ ಪುಟ ತೆರೆದು ತೋರಿಸಿದ. ಅಲ್ಲಿ ಜಾಹೀರಾತು ಒತ್ತಿದವರ ಅಂಕಿ ಇತ್ತು. ನಾವು ನೋಡುತ್ತಿದ್ದಂತೆ ಅದು ಒಂದು ಹೆಚ್ಚಾಯಿತು. ಎಲ್ಲೋ ಯಾರೋ ಆಗಷ್ಟೇ ನಮ್ಮನ್ನು ಮುಟ್ಟಿದ್ದರು.

ಆ ವಾರವೇ ಫೋನ್ ಶುರುವಾಯಿತು. ಬರುತ್ತಿದ್ದದ್ದು ನಡು ಮಧ್ಯಾಹ್ನ, ಓಣಿ ನಿಶ್ಶಬ್ದವಾಗಿರುವಾಗ. ಎತ್ತಿದರೆ ಮೊದಲು ಉಸಿರಾಟ. ಆಮೇಲೆ ಪಿಸುದನಿ. ಗಿರಾಕಿಗಳು ಪಿಸುಗುಟ್ಟುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ದೊಡ್ಡ ಊರಿನವರ ಸಭ್ಯತೆ ಇರಬೇಕು ಎಂದುಕೊಂಡೆವು.

"ಇದು ನಿಜವಾಗಲೂ ಕೆಲಸ ಮಾಡುತ್ತಾ?" ಎಂದಿತು ಬೆಂಗಳೂರಿನ ಒಂದು ಗಂಡುದನಿ.

"ಮಾಡತೈತ್ರಿ! ಅಸಲಿ ಡಬ್ಬಿ ಕಾಯಿ," ಎಂದಳು ಶಾರದಾ.

"ದಿನಾ ಮಾಡಬೇಕಾ?"

"ದಿನಾ ಮಾಡ್ರಿ. ಎರಡೂ ಹೊತ್ತು ಮಾಡ್ರಿ."

"ಮನೇಲಿ ಮಗು ಇದೆ."

"ಹಂಗಾರ ಸ್ವಲ್ಪ ಕಡಿಮಿ ಮಾಡ್ರಿ."

"ಅದು... ಪೂರ್ತಿ ಹೋಗೋದೇ ಇಲ್ವಾ?"

ಬಟ್ಟೆಗೆ ತಾಗುವ ಬಣ್ಣದ ಮಾತಿರಬೇಕೆಂದು ಶಾರದಾ ಹೆಮ್ಮೆಯಿಂದ ಹೇಳಿದಳು. "ನಮ್ಮದು ಒಮ್ಮೆ ಹತ್ತಿತಂದ್ರ ಮುಗೀತ್ರಿ. ತಿಕ್ಕಿ ತೊಳದ್ರೂ ಹೋಗಂಗಿಲ್ಲ!"

ಆ ಕಡೆ ಫೋನ್ ಇಟ್ಟ ಸಪ್ಪಳ. ಮರುದಿನ ಅದೇ ದನಿ ಎರಡು ಕಿಲೋ ಕೇಳಿತು.

ವ್ಯಾಪಾರ ಬೆಳೆಯಿತು. ಪಾರ್ಸಲ್ ಹೊತ್ತು ಅಂಚೆ ಕಚೇರಿಗೆ ಹೋಗುವುದೇ ನನ್ನ ಸಂಜೆಯ ಕೆಲಸವಾಯಿತು. ಹತ್ತು ಚೀಲದಲ್ಲಿ ನಾಲ್ಕು ಖಾಲಿಯಾದವು. ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಶಾರದಾ ಫೋನ್ ಮಾಡಿ, "ನನ್ನ ಜಾಗಕ್ಕ ಬ್ಯಾರೆದವ್ರನ್ನ ತಗೋರಿ ಮೇಡಂ," ಎಂದೇಬಿಟ್ಟಳು. ಅವರು ಅದೇ ವಾರ ತಗೊಂಡರು. ನಾನು ಆ ರಾತ್ರಿ ಊಟದಲ್ಲಿ ಒಂದು ರೊಟ್ಟಿ ಹೆಚ್ಚು ತಿಂದೆ. ಇಂಟರ್ನೆಟ್ ಜಾಹೀರಾತಿನ ಬಗ್ಗೆ ಓದುಗರಿಗೆ ಮಾರ್ಗದರ್ಶನ ನೀಡುವ ಒಂದು ಲೇಖನ ಬರೆಯುವ ವಿಚಾರವೂ ಬಂದಿತ್ತು.

ಆದರೆ ಕೆಲವು ಸಂಗತಿಗಳು ಸರಿಹೊಂದುತ್ತಿರಲಿಲ್ಲ. ಯಾರೂ ರುಚಿಯ ಮಾತಾಡುತ್ತಿರಲಿಲ್ಲ. ಯಾರೂ ಪುಡಿ ಕೇಳುತ್ತಿರಲಿಲ್ಲ. ತೊಟ್ಟು ಮುರಿಯಬೇಡಿ ಎಂದು ಎಲ್ಲರೂ ಹೇಳುತ್ತಿದ್ದರು. ಅರ್ಧ ಕಿಲೋ ಒಯ್ದ ಮನೆಯವರು ವಾರ ತುಂಬುವುದರೊಳಗೆ ಮತ್ತೆ ಫೋನ್ ಮಾಡುತ್ತಿದ್ದರು, ಹಿಂದಿಗಿಂತ ಸಣ್ಣ ದನಿಯಲ್ಲಿ.

"ಇಷ್ಟು ಖಾರ ತಿನ್ನೂ ಮಂದಿ ಯಾರ್ರಿ?" ಎಂದು ಕೇಳಿದಳು ಶಾರದಾ, ಪಾಕೀಟು ತೂಗುತ್ತ.

ಉತ್ತರ ಮುಂಬೈನಿಂದ ಬಂತು. ಕಸ್ತೂರಿಬಾಯಿ ಎಂಬ ಹೆಣ್ಣುಮಗಳು. ಹುಟ್ಟಿದ್ದು ನಮ್ಮ ಕಡೆಯ ಹಲಗೇರಿ, ಕೊಟ್ಟಿದ್ದು ಮುಂಬೈಗೆ. ಅವರ ಮಗಳನ್ನು ರಾಣೆಬೆನ್ನೂರಿಗೆ ಕೊಡುವುದೆಂದು ಗೊತ್ತಾಗಿತ್ತು. ಆ ಬೀಗರದೇ ಕಿರಾಣಿ ಅಂಗಡಿ, ನಮ್ಮ ಒಬ್ಬನೇ ಕಾಯಂ ಗಿರಾಕಿ. ಬೀಗರ ಅಂಗಡಿಯ ಪಾಕೀಟಿನ ಮೇಲೆ ನೋಡಿದ ಫೋನ್ ನಂಬರೇ ಜಾಹೀರಾತಿನಲ್ಲೂ ಕಂಡಿದ್ದರಿಂದ ನಂಬಿ ತರಿಸಿದ್ದರು.

"ಅಕ್ಕಾರ, ಇದು ಮೂರನೇ ಪಾಕೀಟು," ಎಂದರು. "ಸುಟ್ಟೀವ್ರಿ. ಇನ್ನೂ ಘಾಟು ಬರವಲ್ದು."

"ಯಾಕ ಸುಟ್ರಿ ಅಕ್ಕಾರ? ಸಣ್ಣ ಉರಿಮ್ಯಾಲ ಹುರೀಬೇಕು. ಸುಟ್ರ ಬಣ್ಣ ಕೆಡತೈತಿ."

"ಹುರಿಯಾಕಲ್ರಿ. ಮಗಳಿಗೆ ದೃಷ್ಟಿ ತಗದು ಒಲಿಗೆ ಹಾಕೀವಿ. ನಿಮ್ಮ ಜಾಹೀರಾತಿನ್ಯಾಗ ಹಂಗ ಇತ್ತಲ್ರಿ?"

ಶಾರದಾ ಫೋನಿನ ಬಾಯಿಗೆ ಅಂಗೈ ಒತ್ತಿ ನನ್ನನ್ನು ನೋಡಿದಳು. ಅಂಥ ನೋಟವನ್ನು ಹದಿನೈದು ವರ್ಷದ ಸಂಸಾರದಲ್ಲಿ ನಾನು ಕಂಡಿರಲಿಲ್ಲ.

ಸಂಗತಿ ಇಷ್ಟು. ಒಣ ಮೆಣಸಿನಕಾಯಿ, ಉಪ್ಪು, ಸಾಸಿವೆ ಹಿಡಿದು ಮನುಷ್ಯನಿಗೆ ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದರೆ ದೃಷ್ಟಿ ಇಲ್ಲ. ಘಾಟು ಬಾರದಿದ್ದರೆ ಇದೆ. ಬರುವ ತನಕ ಮತ್ತೆ ಮತ್ತೆ ತೆಗೆಯಬೇಕು. ಇದು ನಂಬಿಕೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಡಬ್ಬಿಯಂತೂ ಮಹಾ ಸೌಮ್ಯ. ಕೆಂಡಕ್ಕೆ ಹಾಕಿದರೂ ಮರ್ಯಾದೆಯಿಂದ ಸುಡುತ್ತದೆ. ಇದು ವಸ್ತುಸ್ಥಿತಿ. ನಮ್ಮ ಕಡೆ ದೃಷ್ಟಿ ತೆಗೆಯಲು ಯಾರೂ ಡಬ್ಬಿ ಕಾಯಿ ಬಳಸುವುದಿಲ್ಲ. ಅತ್ತೆ ಹೇಳಿದ್ದು ಮೆಣಸಿನಕಾಯಿಯ ಮಾತು, ನಾನು ಕೇಳಬೇಕಾಗಿದ್ದ ಮುಂದಿನ ಪ್ರಶ್ನೆ 'ಯಾವ ಕಾಯಿ' ಎಂಬುದು. ಕೇಳಿರಲಿಲ್ಲ. ಹೀಗೆ ಮುಂಬೈ, ಪುಣೆ, ಬೆಂಗಳೂರಿನಲ್ಲಿ ಸಣ್ಣಪುಟ್ಟ ಅನುಮಾನವಿದ್ದ ಅಷ್ಟೂ ಮನೆಗಳಿಗೆ ನಾನು ಖಚಿತವಾಗಿ ದೃಷ್ಟಿ ತಗುಲಿಸಿದ್ದೆ. ಅಂಚೆ ವೆಚ್ಚ ಸೇರಿ!

ಓಡಿಹೋಗಿ ಕೆಫೆಯಲ್ಲಿ ಕುಳಿತೆ. ಮಂದಿ ನಿಜಕ್ಕೂ ಏನು ಬರೆದು ಹುಡುಕಿದ್ದರು ಎಂಬುದನ್ನು ರಫೀಕ್ ತೆರೆದು ತೋರಿಸಿದ. ಮಗು ಖಾಲಿ ಮೂಲೆ ನೋಡಿ ನಗುತ್ತದೆ. ಮುಚ್ಚಿದ ಕೋಣೆಯಲ್ಲಿ ಬಳೆ ಸಪ್ಪಳ. ಹೊಸ ಮನೆಗೆ ಬಂದ ಮೇಲೆ ಯಾರೂ ನಿದ್ದೆ ಮಾಡಿಲ್ಲ. ಅದರ ಕೆಳಗೆ, ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ್ದು: ಮೆಣಸಿನಕಾಯಿ ಸುಟ್ಟರೂ ಘಾಟು ಬರುತ್ತಿಲ್ಲ, ಏನು ಅರ್ಥ?

"ಸರ್," ಎಂದ ರಫೀಕ್ ಮೆಲ್ಲಗೆ, "ಇವರು ನಮ್ಮ ಗಿರಾಕಿಗಳ ಅದಾರ."

ಹೌದು. ನಮ್ಮಿಂದ ಕೊಂಡವರು, ಸುಟ್ಟವರು, ಹೆದರಿದವರು, ಹೆದರಿ ಮತ್ತೆ ಹುಡುಕಿದವರು. ಹುಡುಕಿದಾಗ ಅವರಿಗೆ ಮತ್ತೆ ಮೂಡಿದ್ದು ನಮ್ಮದೇ ಜಾಹೀರಾತು. ಒಮ್ಮೆ ಕರೆಯಿರಿ, ಮನೆಗೇ ಬರುತ್ತದೆ.

ನಿಲ್ಲಿಸುವ ಗುಂಡಿ ಒತ್ತಿದೆ. ನಿಂತಿತು ಎಂದು ಪರದೆ ಹೇಳಿತು. ನಾವಿಬ್ಬರೂ ಅಂಕಿಯನ್ನೇ ನೋಡುತ್ತ ಕುಳಿತೆವು. ಸ್ವಲ್ಪ ಹೊತ್ತಿಗೆ ಅದು ಒಂದು ಹೆಚ್ಚಾಯಿತು. ಲೆಕ್ಕ ತಡವಾಗಿ ಬರುತ್ತದೆ ಎಂದು ರಫೀಕ್ ವಿವರಿಸಿದ. ವಿವರಿಸುವಾಗ ಅವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಿದ್ದನ್ನು ನಾನು ಗಮನಿಸಿದೆ.

ಮನೆಗೆ ಬಂದಾಗ ಶಾರದಾ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತಿದ್ದಳು: ನಮ್ಮ ಕಾಯಿ ಅಡಿಗೆಗೆ, ಘಾಟು ಬರುವುದಿಲ್ಲ, ಅದು ಅದರ ಜಾತಿ, ನಿಮ್ಮ ಮನೆಗೆ ಏನೂ ಆಗಿಲ್ಲ. ಕೆಲವರು ನಂಬಿದರು. ಕೆಲವರು, "ನೀವೂ ಮುಚ್ಚಿಡ್ತಾ ಇದೀರಿ," ಎಂದರು. ಕಸ್ತೂರಿಬಾಯಿ ಅತ್ತರು.

"ಮದುವಿ ಮುಂದ ಹಾಕೂದಂತ ಮನ್ಯಾಗ ಮಾತಾಗೇತ್ರಿ ಅಕ್ಕಾರ. ಬೀಗರಿಗೆ ಕಾರಣ ಹೇಳಬೇಕಲ್ಲ. ನಿಮ್ಮ ಪಾಕೀಟು ಬಂದ ಮ್ಯಾಲೇನ ಹಿಂಗಾತು ಅಂತ ಹೇಳತೇವಿ. ಸುಳ್ಳು ಹೇಳಾಕ ಬರಂಗಿಲ್ಲ."

ಬೀಗರು ಆ ಮಾತು ಕೇಳಿದರೆ ರಾಣೆಬೆನ್ನೂರಿನ ಅಂಗಡಿ ಹೋಯಿತು. ರಾಣೆಬೆನ್ನೂರಿನಲ್ಲಿ ಹೋದ ಹೆಸರು ಸಂಜೆಯೊಳಗೆ ಬ್ಯಾಡಗಿ ಪೇಟೆಯಲ್ಲೂ ಹೋಗುತ್ತದೆ. ಕೋಲ್ಡ್ ಸ್ಟೋರೇಜಿನ ಕತ್ತಲಲ್ಲಿ ಆರು ಚೀಲ ಇನ್ನೂ ಇದ್ದವು. ಶಾಲೆಯಲ್ಲಿ ಗಣಿತಕ್ಕೆ ಬೇರೆಯವರು ಬಂದಾಗಿತ್ತು.

ಶಾರದಾ ಗಣಿತದವಳು. ಸಿದ್ಧ ಮಾಡಿ ತೋರಿಸಿದರೆ ಯಾರಾದರೂ ಒಪ್ಪುತ್ತಾರೆ ಎಂಬುದು ಅವಳ ನಂಬಿಕೆ. "ನಾಳೆ ಮಧ್ಯಾಹ್ನ ನೀವ ಫೋನ್ ಮಾಡ್ರಿ," ಎಂದಳು. "ನಮ್ಮ ಮನೀಯವರಿಗೆ ದೃಷ್ಟಿ ತಗೀತೇನಿ. ಮೊದಲ ನಮ್ಮ ಡಬ್ಬಿ ಸುಡತೇನಿ, ಘಾಟು ಬರಂಗಿಲ್ಲ. ಆಮ್ಯಾಲ ಖಾರದ ಗುಂಟೂರು ಕಾಯಿ ಸುಡತೇನಿ. ನಾವು ಕೆಮ್ಮೂದು ನೀವ ಕೇಳ್ರಿ. ಮನಶ್ಯಾ ಒಬ್ಬನ, ಕಾಯಿ ಎರಡು. ತಪ್ಪು ಕಾಯೀದು ಅಂತ ಗೊತ್ತಾಗತೈತಿಲ್ಲೋ?"

"ಆತ್ರಿ," ಎಂದರು ಕಸ್ತೂರಿಬಾಯಿ. "ನಾಳೆ ಕೇಳಿ, ಆಮ್ಯಾಲ ಬೀಗರಿಗೆ ಫೋನ್ ಮಾಡತೇನಿ."

"ನನಗ ಯಾಕ ದೃಷ್ಟಿ ತಗೀತಿ?" ಎಂದು ಕೇಳಿದೆ.

"ನೆದರು ಹತ್ತದ ಮನಶ್ಯಾ ಬೇಕಲ್ರಿ. ನಿಮ್ಮನ್ನ ನೋಡಿ ಹೊಟ್ಟಿಕಿಚ್ಚು ಪಡೋರು ಈ ಓಣ್ಯಾಗ ಯಾರದಾರ?"

ವಾದದಲ್ಲಿ ಹುರುಳಿತ್ತು.

ಮರುದಿನ ಅತ್ತೆ ಬ್ಯಾಡಗಿ ಪೇಟೆಯಿಂದ ಗುಂಟೂರು ಕಾಯಿ ತಂದರು. ದಾರಿಯಲ್ಲಿ ಬಸ್ಸಿನ ಕಂಡಕ್ಟರ್ ಚೀಲ ದೂರ ಇಡಿ ಎಂದು ಜಗಳ ತೆಗೆದಿದ್ದನಂತೆ. ಅಡಿಗೆಮನೆಯ ಕಿಟಕಿ ಮುಚ್ಚಿ, ಶೇಗಡಿಯಲ್ಲಿ ಕೆಂಡ ಮಾಡಿ, ನನ್ನನ್ನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂಡ್ರಿಸಿದರು. ಫೋನ್ ಬಂತು. ಶಾರದಾ ಸ್ಪೀಕರ್ ಒತ್ತಿ ಫೋನನ್ನು ಕಟ್ಟೆಯ ಮೇಲಿಟ್ಟಳು.

ಮೊದಲು ಡಬ್ಬಿ. ಅತ್ತೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಕಾಯಿ ಉಬ್ಬಿತು, ಕಪ್ಪಾಯಿತು. ತುಸು ಸಿಹಿಯಾದ ಹೊಗೆ ಎದ್ದಿತು. ಯಾರೂ ಕೆಮ್ಮಲಿಲ್ಲ.

"ಕೇಳಿದ್ರೆಲ್ಲೋ ಅಕ್ಕಾರ? ಏನೂ ಇಲ್ಲ. ಇದ ನಮ್ಮ ಕಾಯಿ."

"ಹೂಂ," ಎಂದಿತು ಫೋನ್.

ನಂತರ ಗುಂಟೂರು. ಅತ್ತೆ ಮುಷ್ಟಿ ತುಂಬ ಹಿಡಿದು ನನ್ನ ತಲೆಯಿಂದ ಕಾಲಿನವರೆಗೆ ಇಳಿಸಿದರು. ಅದೆಂಥದೋ ಬಾಯಲ್ಲೇ ಅಂದುಕೊಂಡು ಕೆಂಡಕ್ಕೆ ಹಾಕಿದರು. ಶಾರದಾ ಮೊದಲೇ ಮೂಗಿಗೆ ಸೆರಗು ಹಿಡಿದಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ.

ಕಾಯಿ ಚಟಪಟ ಎಂದವು. ಹೊಗೆ ಎದ್ದಿತು. ನೆಟ್ಟಗೆ ಮೇಲಕ್ಕೆ ಹೋಯಿತು.

ನಾನು ಕಣ್ಣು ತೆರೆದೆ. ಶಾರದಾ ಸೆರಗು ಇಳಿಸಿದಳು. ಅತ್ತೆ ಶೇಗಡಿಯ ಮೇಲೆ ಬಗ್ಗಿ ಮೂಸಿದರು. ಇನ್ನೊಂದು ಹಿಡಿ ಹಾಕಿದರು. ಅದೂ ಸುಟ್ಟು ಕಪ್ಪಾಯಿತು. ಮುಚ್ಚಿದ ಕೋಣೆಯ ತುಂಬ ಹೊಗೆ ತುಂಬಿಕೊಂಡಿತ್ತು. ನಾವು ಮೂವರೂ ಅದರೊಳಗೆ ಕುಳಿತು ಆರಾಮವಾಗಿ ಉಸಿರಾಡುತ್ತಿದ್ದೆವು.

ಅತ್ತೆ ನನ್ನನ್ನು ನೋಡಿದರು. ಕುಳಿತಲ್ಲೇ ಒಂದು ಗೇಣು ಹಿಂದೆ ಸರಿದರು.

"ಅಕ್ಕಾರ?" ಎಂದಿತು ಫೋನ್. "ಹಾಕಿದ್ರೇನು? ಏನೂ ಕೇಳವಲ್ದಲ್ರಿ."

ಶಾರದಾ ಫೋನಿನತ್ತ ಬಗ್ಗಿದಳು. ಅವಳ ಕೈ ಸೆರಗಿನ ತುದಿಯನ್ನು ತಿರುಚುತ್ತಿತ್ತು.

"ಅಕ್ಕಾರ? ಅದೀರೇನು?"

ನಾನು ಕೆಮ್ಮಿದೆ.

ಮೊದಲನೆಯದು ಸಣ್ಣದಾಯಿತು, ಸಂಪಾದಕರ ಕೋಣೆಯ ಹೊರಗೆ ನಿಂತು ಕೆಮ್ಮುವಂಥದ್ದು. ಸಾಲದೆನಿಸಿತು. ಎರಡನೆಯದನ್ನು ಹೊಟ್ಟೆಯಿಂದ ತೆಗೆದೆ. ಮೂರನೆಯದಕ್ಕೆ ಮಣೆಯಿಂದ ಉರುಳಿದೆ. ಶಾರದಾ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಅವಳೂ ಶುರು ಮಾಡಿದಳು. "ಅಯ್ಯಯ್ಯ, ಕಿಟಕಿ ತಗೀ, ಸತ್ತ್ವಿ!" ಎಂದು ಅತ್ತೆ ಕೂಗಿದರು, ನಿಜಕ್ಕೂ ಎದ್ದು ಹೋಗಿ ಕಿಟಕಿ ತೆರೆದರು. ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದು, ನಮ್ಮನ್ನು ನೋಡಿ, ಹೊಗೆ ಮೂಸಿ, ಏನೂ ಅರ್ಥವಾಗದೆ ನಿಂತರು.

"ಸಾಕ್ರಿ, ಸಾಕು!" ಎಂದು ಆ ಕಡೆ ಕಸ್ತೂರಿಬಾಯಿ ಅಳುತ್ತಲೇ ನಗುತ್ತಿದ್ದರು. "ಯಪ್ಪಾ, ನೀರು ಕುಡೀರಿ ಮೊದಲ!"

ಸಂಜೆ ಅವರು ಮುಂಬೈ ಬಜಾರಿನಿಂದ ಖಾರದ ಕಾಯಿ ತಂದು ಮಗಳಿಗೆ ದೃಷ್ಟಿ ತೆಗೆದರು. ಇಡೀ ಚಾಳಿನ ಮಂದಿ ಕೆಮ್ಮುತ್ತ ಹೊರಗೆ ಬಂದರಂತೆ. ಮದುವೆ ಗೊತ್ತಾದ ದಿನವೇ ರಾಣೆಬೆನ್ನೂರಿನಲ್ಲಿ ನಡೆಯಿತು. ಮದುವೆಯ ಅಡಿಗೆಗೂ ಬೀಗರ ಅಂಗಡಿಗೂ ಉಳಿದ ಆರು ಚೀಲ ಹೋದವು. ಹೊಸ ಕಾಯಿ ಬಂದಾಗ ಶಾರದಾ ಹದಿನೈದು ಚೀಲ ಕೊಂಡಳು. ಅವಳ ಪಾಕೀಟಿನ ಮೇಲೆ 'ಅಡಿಗೆಗೆ ಮಾತ್ರ' ಎಂದು ಅಚ್ಚಾಗಿದೆ. ಜಾಹೀರಾತಿನ ಖಾತೆ ಮುಚ್ಚಿದೆ. ಮಾರ್ಗದರ್ಶನದ ಲೇಖನವನ್ನು ನಾನು ಬರೆಯಲಿಲ್ಲ.

ಕೆಮ್ಮಿದ ದಿನ ಅತ್ತೆ ಕೊನೆಯ ಬಸ್ಸಿಗೂ ಕಾಯದೆ ಊರಿಗೆ ಹೋದರು. ಹೋಗುವಾಗ ಉಳಿದ ಗುಂಟೂರು ಕಾಯಿಯನ್ನು ಬಿಟ್ಟು ಹೋಗಿದ್ದರು. ಶಾರದಾ ಮರುದಿನ ಬೆಳಿಗ್ಗೆ ಅದನ್ನು ಚಟ್ನಿಗೆ ಅರೆದು, ರೊಟ್ಟಿಯ ಪಕ್ಕ ಬಡಿಸಿ, ಎದುರಿಗೆ ಕುಳಿತಳು.

"ಖಾರ ಐತೇನ್ರಿ?"

ಒಂದು ತುತ್ತು ತಿಂದೆ. ಈ ಸಲ ಕೆಮ್ಮು ತಾನಾಗಿಯೇ ಬಂತು. ಅವಳೂ ನನ್ನ ತಾಟಿನಿಂದ ಒಂದು ಚೂರು ತೆಗೆದುಕೊಂಡು ತಿಂದಳು. ಇಬ್ಬರೂ ಕಣ್ಣಲ್ಲಿ ನೀರು ತಂದುಕೊಂಡು, ಒಂದೇ ಚರಿಗೆಯಿಂದ ಸರದಿಯ ಮೇಲೆ ನೀರು ಕುಡಿದೆವು.